ಬಲಗೆನ್ನೆ ಎಂದೇ ಯಾಕೆ?

ಕೇಳುಗರಿಗೆ ನಮಸ್ಕಾರ.

ಮಂಡ್ಯದ ಕಡೆ ಆಲೆಮನೆ ಕಂಡವರಿಗೆ ಇದು ಗೊತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ನೊರೆ ಅಂಚಿಗೆ ಬಂತೆಂದರೆ ನಾಲ್ಕು ಹನಿ ಹರಳೆಣ್ಣೆ ಚಿಮುಕಿಸುತ್ತಾರೆ. ನೊರೆ ಕೂರುತ್ತದೆ. ಆದರೆ ಕೆಳಗೆ ಒಲೆಗೆ ಸಿಪ್ಪೆ ತುರುಕುತ್ತಲೇ ಇದ್ದರೆ ಎಣ್ಣೆ ಎಷ್ಟು ಹೊತ್ತು ತಾಳೀತು? ಹಗೆಯ ಮಾತಿಗೆ ಮೆತ್ತಗೆ ಉತ್ತರಿಸುವುದೂ ಹೀಗೆಯೇ. ಒಲೆಯನ್ನೂ ನೋಡಬೇಕು.

ಕ್ರೈಸ್ತರ ಮಾತು ಬಂದಾಗಲೆಲ್ಲ ‘ಇನ್ನೊಂದು ಕೆನ್ನೆ ತೋರಿಸು’ ಎನ್ನುವುದನ್ನು ಎತ್ತುತ್ತೇವೆ, ಅರ್ಧ ಗೇಲಿಯಾಗಿ. ಬೈಬಲಿನಲ್ಲಿ ಯೇಸು ಹೇಳಿದ ಮಾತು ಅದು: ಮತ್ತಾಯನ ಸುವಾರ್ತೆ, 5ನೇ ಅಧ್ಯಾಯದ 39ನೇ ವಚನ. ಅಲ್ಲಿ ಬರೀ ಕೆನ್ನೆ ಎಂದಿಲ್ಲ, ಬಲಗೆನ್ನೆ ಎಂದಿದೆ. ಎದುರಿಗೆ ನಿಂತವನು ಬಲಗೈಯಲ್ಲಿ ನಿಮ್ಮ ಬಲಗೆನ್ನೆಗೆ ಹೊಡೆಯಬೇಕಾದರೆ ಅಂಗೈ ಸಾಲದು, ಕೈಯ ಹಿಂಬದಿಯಿಂದಲೇ ಬಾರಿಸಬೇಕು. ಅದು ಗಾಯ ಮಾಡುವುದಕ್ಕಿಂತ ಮಾನ ಕಳೆಯುವ ಏಟು ಎಂದು ಹಲವು ವ್ಯಾಖ್ಯಾನಕಾರರು ಓದುತ್ತಾರೆ. ಆಗ ಇನ್ನೊಂದು ಕೆನ್ನೆ ಒಡ್ಡುವವನು ತಿರುಗಿ ಹೊಡೆಯುತ್ತಿಲ್ಲ, ತಲೆ ತಗ್ಗಿಸಿ ಓಡುತ್ತಲೂ ಇಲ್ಲ.

ಈ ಮಾತು ಹೇಳಿದ ಯೇಸುವಿಗೇ ಏಟು ಬಿದ್ದಾಗ ಏನಾಯಿತು? ಬೈಬಲಿನದೇ ಯೋಹಾನನ ಸುವಾರ್ತೆಯ 18ನೇ ಅಧ್ಯಾಯ ನೋಡಿ. ವಿಚಾರಣೆಯಲ್ಲಿ ಓಲೇಕಾರನೊಬ್ಬ ಹೊಡೆಯುತ್ತಾನೆ. ಯೇಸು ಸುಮ್ಮನಿರಲಿಲ್ಲ. ನಾನಾಡಿದ್ದು ತಪ್ಪಾದರೆ ಏನು ತಪ್ಪೆಂದು ತೋರಿಸು, ಸರಿಯಾದರೆ ಯಾಕೆ ಹೊಡೆದೆ ಎಂದು ಕೇಳಿದ. ಬೈಗುಳವಿಲ್ಲ, ಬೇಡಿಕೊಂಡದ್ದೂ ಇಲ್ಲ. ಒಂದೇ ಪ್ರಶ್ನೆ.

ಮೈಸೂರಿನ ಯಾವುದೋ ಬಡಾವಣೆಯ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿದೆ, ಬಾಗಿಲಿಗೆ ಯಾರೋ ಬಂದು ಕೂಗುತ್ತಾರೆ ಎನ್ನಿ. ಹೊರಗೆ ಒಬ್ಬರೇ ಹೋಗಿ, ಹಿರಿಯರಾದರೆ ಒಳ್ಳೆಯದು. ನಾಲ್ಕು ಜನ ಹುಡುಗರು ಮೊಬೈಲ್ ಎತ್ತಿಕೊಂಡು ಒಟ್ಟಿಗೆ ನುಗ್ಗಿದರೆ ಜಗಳ ಅಲ್ಲೇ ಹತ್ತಿಕೊಳ್ಳುತ್ತದೆ. ಬಂದವರು ಮಾತು ಮುಗಿಸುವವರೆಗೆ ಬಾಯಿ ಹಾಕಬೇಡಿ. ಆಮೇಲೆ ‘ಅಣ್ಣಾ, ಯಾವುದರಿಂದ ತೊಂದರೆ ಆಯ್ತು, ಹೇಳಿ’ ಎನ್ನಿ. ಎಷ್ಟೋ ಸಲ ಒಲೆ ಇರುವುದು ಸ್ಪೀಕರಿನ ಸದ್ದಿನಲ್ಲಿ, ಪಕ್ಕದ ಮನೆಯ ಗೇಟಿಗೆ ಅಡ್ಡ ನಿಲ್ಲಿಸಿದ ಸ್ಕೂಟರಿನಲ್ಲಿ. ಅದನ್ನು ಅವತ್ತೇ ಸರಿ ಮಾಡಿ.

ಕೆಡುವುದು ಎಲ್ಲಿ? ಕೋಪದಲ್ಲಿರುವವರಿಗೆ ಬೈಬಲಿನ ವಚನ ಒಪ್ಪಿಸಿದರೆ ಅದು ಉಪದೇಶವಾಗುತ್ತದೆ. ಬಲವಂತದ ನಗು ಅಣಕದಂತೆ ಕಾಣುತ್ತದೆ. ಇನ್ನು ರಾತ್ರಿ ಹಾಕುವ ವಾಟ್ಸಾಪ್ ಸ್ಟೇಟಸ್! ಬಾಗಿಲಲ್ಲಿ ನುಂಗಿಕೊಂಡದ್ದನ್ನೆಲ್ಲ ಅದು ಕಕ್ಕಿಬಿಡುತ್ತದೆ.

ಕೈ ಎತ್ತಿದರೆ, ಬೆದರಿಸಿದರೆ 112ಕ್ಕೆ ಕರೆ ಮಾಡಿ. ಇದರಿಂದ ನಂಬಿಕೆಗೆ ಕುಂದಿಲ್ಲ. ಬೈಬಲಿನಲ್ಲೇ ನೋಡಿ, ಫಿಲಿಪ್ಪಿ ಊರಿನಲ್ಲಿ ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನನ್ನೂ ಸೀಲನನ್ನೂ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದರು. ಮಾರನೆಯ ದಿನ ಗುಟ್ಟಾಗಿ ಕಳಿಸಲು ನೋಡಿದಾಗ ಪೌಲ ಒಪ್ಪಲಿಲ್ಲ: ನಾವು ರೋಮಿನ ಪ್ರಜೆಗಳು, ಅಧಿಕಾರಿಗಳೇ ಬಂದು ಕರೆದುಕೊಂಡು ಹೋಗಲಿ. ರೋಮಿನ ಪ್ರಜೆಯನ್ನು ವಿಚಾರಣೆಯಿಲ್ಲದೆ ಹೊಡೆಸುವಂತಿರಲಿಲ್ಲ, ಅವರು ಬರಲೇಬೇಕಾಯಿತು. ಊರಲ್ಲಿ ಉಳಿಯಲಿದ್ದ ಕ್ರೈಸ್ತರ ಪುಟ್ಟ ಸಭೆಗೆ ಆ ಹಟ ಆಸರೆಯಾಗಿರಬೇಕು.

ದೂರು ಬರೆಯುವಾಗ ದಿನಾಂಕ, ಗಂಟೆ, ಸ್ಥಳ, ಕಣ್ಣಾರೆ ಕಂಡವರ ಹೆಸರು ಹಾಕಿ. ಅವರಾಡಿದ ಮಾತನ್ನು ಆಡಿದ ಹಾಗೇ ಬರೆಯಿರಿ. ‘ದುಷ್ಟರು’, ‘ಗೂಂಡಾಗಳು’ ಎಂಬ ನಿಮ್ಮ ಮಾತು ಬೇಡ. ಎರಡು ಪ್ರತಿ ಮಾಡಿ, ಒಂದರ ಮೇಲೆ ಠಾಣೆಯ ಸ್ವೀಕೃತಿ ಹಾಕಿಸಿಕೊಂಡು ಮನೆಗೆ ತನ್ನಿ.