ಮನೆಯಲ್ಲಿ ತುಳು, ಧರಣಿಯಲ್ಲಿ ಕನ್ನಡ: ಕಾಸರಗೋಡಿನ ಕನ್ನಡಿಗರು ಯಾರು?

ನಮಸ್ಕಾರ. ಬೆಂಗಳೂರಿನ ವೀಕ್ಷಕರೊಬ್ಬರ ಪ್ರಶ್ನೆ ಇದು: "ಕಾಸರಗೋಡಿನಲ್ಲಿ ಕನ್ನಡಕ್ಕಾಗಿ ಧರಣಿ ಕೂರುವವರು ಮನೆಯಿಂದ ಫೋನ್ ಬಂದರೆ ತುಳುವಿನಲ್ಲೋ ಕೊಂಕಣಿಯಲ್ಲೋ ಮಾತನಾಡುತ್ತಾರೆ. ಹಾಗಾದರೆ ಅಲ್ಲಿ ಕನ್ನಡಿಗರು ಯಾರು?" ಮಾತಿನಲ್ಲಿ ಕೊಂಕಿದೆ, ಆದರೆ ಪ್ರಶ್ನೆ ಗಟ್ಟಿಯಾಗಿದೆ.

ಚರಿತ್ರೆಯನ್ನು ಬೇಗ ಮುಗಿಸೋಣ. ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳದ ಪಾಲಾಯಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಇಂದಿನ ಕರ್ನಾಟಕಕ್ಕೆ, ಸೇರಲಿ ಎಂದು 1967ರಲ್ಲಿ ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ ಹೇಳಿತು. ಜಾರಿಯಾಗಲಿಲ್ಲ. ಮುಂದೆ ಹೋಗೋಣ.

[ಪರದೆಯಲ್ಲಿ: 2011ರ ಜನಗಣತಿ]

ಜಿಲ್ಲೆಯಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ನೂರಕ್ಕೆ ಸುಮಾರು ನಾಲ್ವರು. ತುಳು ಎಂದವರು ಸುಮಾರು ಒಂಬತ್ತು ಮಂದಿ. "ನಾಲ್ವರಿಗೆ ಇಷ್ಟು ಗದ್ದಲವೇ?" ಎಂದು ಕೇಳುವವರಿದ್ದಾರೆ. ಗಣತಿದಾರರು ಕೇಳಿದ್ದು ಮನೆಯ ಮಾತನ್ನು. ಯಾವ ಶಾಲೆಯಲ್ಲಿ ಓದಿದಿರಿ, ಮದುವೆಯ ಕಾಗದ ಯಾವ ಭಾಷೆಯಲ್ಲಿ ಅಚ್ಚಾಯಿತು ಎಂದಲ್ಲ.

ಈ ಲೆಕ್ಕ ಹಿಡಿದರೆ ಮಂಜೇಶ್ವರದ ಗೋವಿಂದ ಪೈಗಳೇ ಕನ್ನಡಿಗರ ಪಟ್ಟಿಯಿಂದ ಹೊರಗೆ! ಅವರ ಮನೆಮಾತು ಕೊಂಕಣಿ. 1949ರಲ್ಲಿ ಮದ್ರಾಸ್ ಸರ್ಕಾರ ಅವರನ್ನು ರಾಷ್ಟ್ರಕವಿ ಎಂದದ್ದು ಕನ್ನಡದ ಕವಿಯಾಗಿ. ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಎಂಬ ವಿಲೀನ ಹೋರಾಟದ ಮುಂಚೂಣಿಯಲ್ಲಿದ್ದ ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಅವರೂ ಹೊರಗೆ. ಇನ್ನು ಯಕ್ಷಗಾನದ ಆಟ ನೋಡುವವರು? ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳು ಕನ್ನಡದವು. ಪಕ್ಕದವರೊಡನೆ ತುಳುವಿನಲ್ಲಿ ಪಿಸುಗುಟ್ಟುತ್ತಲೇ ರಾವಣನ ಅರ್ಥಗಾರಿಕೆಯನ್ನು, ಅಂದರೆ ವೇಷಧಾರಿ ಆಗಲೇ ಕಟ್ಟಿ ಆಡುವ ಮಾತನ್ನು, ಕನ್ನಡದಲ್ಲಿ ಕೇಳಿ ತೂಗುತ್ತಾರೆ. ವೇಷಧಾರಿ ಒಂದು ಮಾತು ತಪ್ಪಿದರೂ ಬಿಡುವವರಲ್ಲ. ಇವರನ್ನು ಕನ್ನಡಕ್ಕೆ ಹೊರಗಿನವರು ಎನ್ನಲು ನನಗಂತೂ ಧೈರ್ಯವಿಲ್ಲ.

ನನಗೆ ತುಂಬ ಹಿಡಿಸಿದ ತಮಾಷೆ ಇನ್ನೊಂದಿದೆ. ರಾಜ್ಯಗಳ ಪುನರ್ವಿಂಗಡಣೆಯ ಜೊತೆಗೇ ಬಂದ 1956ರ ಏಳನೇ ತಿದ್ದುಪಡಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿತು: ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯವಿರಬೇಕು. ಅಕ್ಷರಕ್ಕೆ ಅಕ್ಷರ ಹಿಡಿದರೆ ತುಳು ಮನೆಯ ಮಗುವಿಗೆ ತುಳು ಶಾಲೆ ಬೇಕು. ಆ ಮಗು ಹೋಗುವುದು ಕನ್ನಡ ಶಾಲೆಗೆ. ತಂದೆತಾಯಿ ಕೇಳುವುದೂ ಅದನ್ನೇ, ಅಜ್ಜ ಓದಿದ್ದೂ ಅಲ್ಲೇ. ಕಾನೂನಿಗೆ ಮನೆಯ ಭಾಷೆ ಗೊತ್ತು, ಊರಿನ ಭಾಷೆ ಗೊತ್ತಿಲ್ಲ.

ಸಮಯ ಮೀರುತ್ತಿದೆ, ಉಳಿದದ್ದು ಚುಟುಕಾಗಿ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದಾಗ ಗಡಿಯಲ್ಲಿ ಪ್ರತಿಭಟನೆ ನಡೆಯಿತು. ಮಲಯಾಳ ಕಲಿಯುವುದು ಕೆಡುಕಲ್ಲ. ಆದರೆ ಕನ್ನಡ ತರಗತಿಗೆ ಕನ್ನಡ ಬಾರದ ಶಿಕ್ಷಕರು ಬಂದರೆ ಗಣಿತ ಯಾರಿಗೆ ತಲುಪುತ್ತದೆ?

ನಮ್ಮ ಕಡೆಗೂ ಒಂದು ಮಾತು. ತುಳುವನ್ನು ಸಂವಿಧಾನದ ಭಾಷೆಗಳ ಪಟ್ಟಿಯಾದ ಎಂಟನೇ ಪರಿಚ್ಛೇದಕ್ಕೆ ಸೇರಿಸಿ ಎಂಬ ಬೇಡಿಕೆ ಹಳೆಯದು. ಧರಣಿಗೆ ತುಳುವರನ್ನು ಕರೆಯುವ ನಾವು ಆ ಬೇಡಿಕೆಗೂ ದನಿಗೂಡಿಸಬೇಕು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಬರೆಯಿರಿ. ಗಡಿಯ ಕನ್ನಡ ಶಾಲೆಗಳಲ್ಲಿ ಓದಿದವರ ಉತ್ತರಗಳನ್ನು ಮೊದಲು ಓದುತ್ತೇನೆ.