ಚಿತ್ರಕ್ಕೂ ಸದ್ದಿಗೂ ಒಂದೇ ಗಡಿಯಾರ

ಕೇಳುಗರಿಗೆಲ್ಲ ನಮಸ್ಕಾರ. ತೋಟದ ಕೆಲಸದ ನಡುವೆ ರೇಡಿಯೋ ಹಾಕಿಕೊಂಡಿರುವವರಿಗೂ ಇದು ಅರ್ಥ ಆಗಬೇಕು, ಪೊನ್ನಂಪೇಟೆ, ಕುಶಾಲನಗರದ ಕಾಲೇಜುಗಳಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳಿಗೂ ಉಪಯೋಗಕ್ಕೆ ಬರಬೇಕು ಅಂತ ನನ್ನ ಆಸೆ. ಹಾಗಾಗಿ ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರ ಬಂದ ಕ್ಷಣದಲ್ಲೇ ಅದಕ್ಕೆ ಸಮಯದ ಮುದ್ರೆ ಒತ್ತಿ, ಅಂದರೆ ಬಂದ ಸಮಯವನ್ನು ಅದರ ಜೊತೆ ಬರೆದಿಡಿ. ಸದ್ದು ಬಂದ ಕ್ಷಣದಲ್ಲೇ ಅದಕ್ಕೂ ಒತ್ತಿ. ಎರಡಕ್ಕೂ ಒಂದೇ ಗಡಿಯಾರ ನೋಡಿ ಒತ್ತಿ.

ವಿಡಿಯೋದಲ್ಲಿ ತುಟಿ ಮುಂದೆ ಹೋಗಿ ಮಾತು ಹಿಂದೆ ಬೀಳುವುದನ್ನು ನೀವೆಲ್ಲ ನೋಡಿದ್ದೀರಿ, ಅಲ್ವಾ? ಕಾರಣ ಸರಳ. ಚಿತ್ರ ಹಿಡಿಯುವುದು ಒಂದು ಚಿಪ್, ಮೈಕಿನ ಸದ್ದನ್ನು ಅಂಕಿಗಳಾಗಿ ಮಾಡುವುದು ಇನ್ನೊಂದು ಚಿಪ್. ಎಷ್ಟೋ ಉಪಕರಣಗಳಲ್ಲಿ ಒಂದೊಂದಕ್ಕೂ ತನ್ನದೇ ಕ್ರಿಸ್ಟಲ್, ಅಂದರೆ ಗಡಿಯಾರದ ಹಾಗೆ ಮಿಡಿಯುವ ಹರಳು, ಇರುತ್ತದೆ. ಮನೆಯ ಎರಡು ಗೋಡೆ ಗಡಿಯಾರಗಳನ್ನು ಇವತ್ತು ಒಂದೇ ಸಮಯಕ್ಕೆ ಇಟ್ಟರೂ ಕೆಲವು ತಿಂಗಳಲ್ಲಿ ಒಂದು ಮುಂದೆ, ಒಂದು ಹಿಂದೆ. ಇಲ್ಲೂ ಅದೇ ಕಥೆ. ಈ ಚಿಪ್‌ಗಳಿಂದ ಬಂದದ್ದನ್ನು ಮೊದಲು ಕೈಗೆ ತೆಗೆದುಕೊಳ್ಳುವ ತಂತ್ರಾಂಶಕ್ಕೆ ಡ್ರೈವರ್ ಅಂತಾರೆ. ಮುದ್ರೆ ಒತ್ತಬೇಕಾದವನು ಅವನೇ.

ನಮ್ಮೂರಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಕೈಲ್ ಮುಹೂರ್ತ, ಅಂದರೆ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬದ ಸಮಯ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಪರಿಚಯದ ಹುಡುಗನೊಬ್ಬ ಲಿನಕ್ಸ್ ಓಡುವ ಬೋರ್ಡಿಗೆ, ಅಂದರೆ ಒಂದು ಚಿಕ್ಕ ಕಂಪ್ಯೂಟರಿಗೆ, ಕ್ಯಾಮೆರಾ ಕೂರಿಸಿ, ಬೇರೆ ಮೈಕ್ ಜೋಡಿಸಿ, ಬೆಳಗ್ಗೆಯಿಂದ ಪೂರ್ತಿ ಸ್ಪರ್ಧೆಯನ್ನು ರೆಕಾರ್ಡ್ ಮಾಡಿದ. ಸಂಜೆ ಎಲ್ಲರೂ ಕೂತು ನೋಡಿದೆವು. ಮೊದಲ ಗುಂಡು ಚೆನ್ನಾಗಿತ್ತು: ಹೆಗಲು ಹಿಂದಕ್ಕೆ ಜಗ್ಗಿತು, ಢಂ ಅಂತು, ಕಾಯಿ ಒಡೆಯಿತು. ಎರಡು ಗಂಟೆ ದಾಟಿದ ಮೇಲಿನ ಭಾಗ ನೋಡಿದರೆ ಕಾಯಿ ಚೂರಾಗಿ ನೀರು ಚೆಲ್ಲಿದ ಮೇಲೆ ಕೋವಿ ಸದ್ದು ಮಾಡುತ್ತಿದೆ!

ಅಲ್ಲಿದ್ದ ಹಿರಿಯರೊಬ್ಬರು, "ದೂರದ ಗುಂಡಿನ ಸದ್ದು ತಡವಾಗಿಯೇ ಬರೋದು ಮಾರಾಯ, ಅದರಲ್ಲೇನಿದೆ" ಅಂದರು. ಮಾತು ಸರಿಯೇ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಕ್ಯಾಮೆರಾ ಇದ್ದದ್ದು ಕೋವಿಯಿಂದ ಸುಮಾರು 30 ಮೀಟರ್ ಆಚೆ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ತಡ. ಆದರೆ ಕ್ಯಾಮೆರಾವನ್ನು ಯಾರೂ ಕದಲಿಸಿರಲಿಲ್ಲ. ದೂರ ಅಷ್ಟೇ ಇದ್ದರೆ ತಡವೂ ಅಷ್ಟೇ ಇರಬೇಕು. ಇಲ್ಲಿ ತಡ ಬೆಳೆಯುತ್ತಾ ಹೋಗಿತ್ತು. ಬೆಳೆಯುವ ತಡ ಕಂಡರೆ ಗಡಿಯಾರದ ಮೇಲೆ ಅನುಮಾನ ಪಡಿ.

ಹುಡುಗ ಎಡಿಟಿಂಗ್‌ನಲ್ಲಿ ಸದ್ದನ್ನು ಪೂರ್ತಿ ಮುಂದಕ್ಕೆ ಎಳೆದ. ಕೊನೆಯ ಭಾಗ ಸರಿಹೋಯಿತು, ಶುರುವಿನ ಭಾಗ ಕೆಟ್ಟಿತು. ಮತ್ತೆ ಎಳೆದ, ಮತ್ತೆ ಅದೇ. ಹೀಗೆ ಎಳೆದಾಡುವವರನ್ನು ಕಂಡರೆ ನನಗೆ ತಾಳ್ಮೆ ಇರುವುದಿಲ್ಲ, ಕ್ಷಮಿಸಿ. ಕೋಡ್ ತೆಗಿ ಅಂದೆ. ನೋಡಿದರೆ ಸದ್ದಿಗೆ ಸಮಯವೇ ಬರೆದಿಲ್ಲ. ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಸದ್ದನ್ನು ಅಳೆದ ಅಂಕಿ, ಬರುತ್ತದೆ ಅಂತ ನಂಬಿ ಸುಮ್ನೆ ಎಣಿಸಿಕೊಂಡು ಹೋಗಿದ್ದಾನೆ. ಸದ್ದಿನ ಚಿಪ್ಪಿನ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 50ರಷ್ಟು ಚುರುಕಾಗಿದ್ದರೆ ಸೆಕೆಂಡಿಗೆ ಎರಡಕ್ಕಿಂತ ಸ್ವಲ್ಪ ಜಾಸ್ತಿ ಸ್ಯಾಂಪಲ್ ಸೇರಿಕೊಳ್ಳುತ್ತದೆ. ಗಂಟೆಗೆ 8,640 ಆಯಿತು. ಅಂದರೆ ಸದ್ದು 180 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ಎರಡು ಗಂಟೆಗೆ 360. ಕಾಯಿ ಒಡೆದ ಮೇಲೆ ಗುಂಡು ಕೇಳದೆ ಇನ್ನೇನಾಗುತ್ತದೆ?

ಅಷ್ಟೇ ಅಲ್ಲ, ಮಧ್ಯದಲ್ಲಿ ಒಂದು ಕಡೆ ಚಿತ್ರ ದಿಢೀರನೆ ಹಾರಿತ್ತು. ಅವನು ಚಿತ್ರಕ್ಕೆ ಸಮಯ ಬರೆದದ್ದು ಬೋರ್ಡಿನ ದಿನಾಂಕದ ಗಡಿಯಾರದಿಂದ. ಬೋರ್ಡಿನಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ, ಆ ಜಾಗದಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನೆಟ್‌ವರ್ಕ್ ಸಿಕ್ಕಿದ ಕೂಡಲೇ ಬೋರ್ಡ್ ತನ್ನ ಸಮಯ ತಿದ್ದಿಕೊಂಡಿದೆ. ಅದಕ್ಕೇ ಲಿನಕ್ಸ್‌ನಲ್ಲಿ ಮೊನೊಟಾನಿಕ್ ಅಂತ ಒಂದು ಗಡಿಯಾರ ಇದೆ. ಅದು ಮುಂದಕ್ಕೆ ಮಾತ್ರ ಹೋಗುತ್ತದೆ, ಯಾರೋ ದಿನಾಂಕ ತಿದ್ದಿದರು ಅಂತ ಹಾರುವುದಿಲ್ಲ. ಲಿನಕ್ಸ್‌ನ ತಂತ್ರಾಂಶಗಳಾದ ವಿ ಫೋರ್ ಎಲ್ ಟು ಕ್ಯಾಮೆರಾಗೆ, ಆಲ್ಸಾ ಸದ್ದಿಗೆ ಬಳಸುವ ಮಕ್ಕಳೇ, ಎರಡೂ ಕಡೆ ಆ ಮೊನೊಟಾನಿಕ್ ಸಮಯವನ್ನೇ ಕೇಳಿ ಪಡೆಯಿರಿ. ಒಂದು ಕಡೆ ಅದು, ಇನ್ನೊಂದು ಕಡೆ ದಿನಾಂಕದ ಗಡಿಯಾರ ಆದರೆ ಮುದ್ರೆ ಒತ್ತಿಯೂ ಪ್ರಯೋಜನ ಇಲ್ಲ. ಒಂದೇ ಗಡಿಯಾರ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಮುದ್ರೆ ಒತ್ತುವ ಕೆಲಸ ಮೇಲಿನ ಅಪ್ಲಿಕೇಶನ್‌ಗೆ ಬಿಡಬೇಡಿ. ಅದಕ್ಕೆ ಸರದಿ ಬರುವಷ್ಟರಲ್ಲಿ ಎಷ್ಟೋ ಮಿಲಿಸೆಕೆಂಡ್ ಕಳೆದಿರುತ್ತದೆ, ಅದೂ ಒಂದೊಂದು ಸಲ ಒಂದೊಂದು ಥರ. ಚಿಪ್ಪಿನಿಂದ ಇಂಟರಪ್ಟ್, ಅಂದರೆ 'ಬಂತು, ತಗೋ' ಅನ್ನುವ ಸೂಚನೆ, ಬಂದಾಗಲೇ ಡ್ರೈವರ್ ಸಮಯ ಓದಲಿ. ಸದ್ದು ಕಂತು ಕಂತಾಗಿ ಬರುತ್ತದೆ. 1,024 ಸ್ಯಾಂಪಲ್‌ನ ಕಂತು ಕೈಗೆ ಸಿಗುವಾಗ ಅದರ ಮೊದಲ ಸ್ಯಾಂಪಲ್‌ಗೆ ಆಗಲೇ 21 ಮಿಲಿಸೆಕೆಂಡ್ ವಯಸ್ಸು, ಅದನ್ನು ಕಳೆಯಿರಿ. ಚಿತ್ರಕ್ಕೆ ಫ್ರೇಮ್, ಅಂದರೆ ವಿಡಿಯೋದ ಒಂದೊಂದು ಬಿಡಿ ಚಿತ್ರ, ಶುರುವಾದಾಗಿನ ಸಮಯವೋ ಮುಗಿದಾಗಿನದೋ ನೋಡಿಕೊಳ್ಳಿ. ಮಡಿಕೇರಿಯ ಮಂಜಿನಲ್ಲಿ ಬೆಳಕು ಕಡಿಮೆ, ಕ್ಯಾಮೆರಾ ಒಂದೊಂದು ಫ್ರೇಮಿಗೂ ಜಾಸ್ತಿ ಹೊತ್ತು ಬೆಳಕು ಹೀರುತ್ತದೆ, ಆಗ ಈ ಎರಡರ ನಡುವಿನ ಅಂತರವೂ ಬೆಳೆಯುತ್ತದೆ.

ಮುದ್ರೆ ಸರಿ ಇದ್ದರೆ ತಿದ್ದುವುದು ಸುಲಭ: ಸದ್ದನ್ನು ಚೂರೇ ಚೂರು ಹಿಗ್ಗಿಸಿ ಅಥವಾ ಕುಗ್ಗಿಸಿ, ಕಿವಿಗೆ ಗೊತ್ತಾಗುವುದಿಲ್ಲ. ಎಷ್ಟು ಸರಿ ಇದ್ದರೆ ಸಾಕು ಅಂತ ಕೇಳುತ್ತೀರಾ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಲೆಕ್ಕದಲ್ಲಿ ಸದ್ದು 45 ಮಿಲಿಸೆಕೆಂಡ್ ಮುಂದೆ ಹೋದರೆ ಜನಕ್ಕೆ ಗೊತ್ತಾಗುತ್ತದೆ, ಹಿಂದೆ ಬಿದ್ದರೆ 125ರವರೆಗೆ ಗೊತ್ತಾಗುವುದಿಲ್ಲ.

ನಿಮ್ಮ ಉಪಕರಣವನ್ನು ಇವತ್ತೇ ಪರೀಕ್ಷೆ ಮಾಡಿ. ಕ್ಯಾಮೆರಾದ ಹತ್ತಿರ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ರೆಕಾರ್ಡಿಂಗ್ ನಿಲ್ಲಿಸದೆ ಎರಡು ಗಂಟೆ ಬಿಟ್ಟು ಅಲ್ಲೇ ನಿಂತು ಇನ್ನೊಮ್ಮೆ ತಟ್ಟಿ. ಎರಡೂ ಸಲ ಒಂದೇ ಅಳತೆಯ ತಡ ಇದ್ದರೆ ಅಷ್ಟನ್ನು ಕಳೆದರೆ ಮುಗಿಯಿತು. ಎರಡನೆಯದು ಜಾಸ್ತಿ ಅಥವಾ ಕಡಿಮೆ ಬಂದರೆ ಎಡಿಟಿಂಗ್‌ಗೆ ಕೈ ಹಾಕಬೇಡಿ, ಡ್ರೈವರ್ ಯಾವ ಗಡಿಯಾರ ನೋಡುತ್ತಿದೆ ಅಂತ ತೆಗೆದು ನೋಡಿ. ನಮಸ್ಕಾರ.