0.3 ಮೈಕ್ರಾನ್ ಗುಟ್ಟು: ಏರ್ ಪ್ಯೂರಿಫೈಯರ್ ಕೊಳ್ಳುವ ಮುಂಚೆ ಇದೊಂದು ನೋಡಿ

ನಮಸ್ಕಾರ! ವೀಕ್ಷಕರೊಬ್ಬರು ಕೇಳಿದ ಪ್ರಶ್ನೆಯೊಂದು ಒಂದು ವಾರದಿಂದ ನನ್ನ ತಲೆಯಲ್ಲೇ ಕೂತಿದೆ. "ಏರ್ ಪ್ಯೂರಿಫೈಯರ್ ಡಬ್ಬಿ ಮೇಲೆ 0.3 ಮೈಕ್ರಾನ್ ಕಣಗಳನ್ನು 99.97% ಹಿಡಿಯುತ್ತದೆ ಅಂತ ಬರೆದಿರುತ್ತಾರೆ. ವೈರಸ್ ಸುಮಾರು 0.1 ಮೈಕ್ರಾನ್ ಇರುತ್ತದೆ. ಅಂದ ಮೇಲೆ ಅದು ಆರಾಮಾಗಿ ನುಸುಳಿ ಹೋಗುತ್ತದೆ ಅಲ್ವಾ? ಮತ್ತೆ ಸುಮ್ನೆ ಯಾಕೆ ದುಡ್ಡು ದಂಡ?"

ಒಳ್ಳೇ ಪ್ರಶ್ನೆ. ಉತ್ತರ ಮಾತ್ರ ಪೂರ್ತಿ ಉಲ್ಟಾ ಇದೆ.

[ದೃಶ್ಯ: ಕಿಟಕಿಯಿಂದ ಬೀಳುವ ಬಿಸಿಲುಕೋಲು, ಅದರಲ್ಲಿ ತೇಲುವ ಧೂಳು]

ಬೇಸಿಕ್ಸ್ ಬೇಗ ಮುಗಿಸೋಣ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ಮೈಕ್ರಾನ್. ಪ್ಯೂರಿಫೈಯರ್ ಒಳಗೆ ಇರುವುದು ಒಂದು ಫ್ಯಾನ್, ಒಂದು ಫಿಲ್ಟರ್. ಫ್ಯಾನ್ ಗಾಳಿ ಎಳೆಯುತ್ತದೆ, ಫಿಲ್ಟರ್ ಧೂಳು ಹಿಡಿಯುತ್ತದೆ, ಅಷ್ಟೇ. ಈಗ ಬಿಸಿಲುಕೋಲಿನಲ್ಲಿ ಕುಣಿಯುತ್ತಿದೆಯಲ್ಲ, ಅದು ದಪ್ಪ ಧೂಳು. ಅದಕ್ಕಿಂತ ಜಾಸ್ತಿ ಕಾಟ ಕೊಡುವುದು ಪಿಎಂ 2.5, ಅಂದರೆ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳು. ತಲೆಕೂದಲು ಇದರ ಸುಮಾರು 30 ಪಟ್ಟು ದಪ್ಪ! ಇವು ಒಂದೊಂದಾಗಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರ್ತೀನಿ.

ಫಿಲ್ಟರ್ ಅಂದ ತಕ್ಷಣ ನಮ್ಮ ತಲೆಗೆ ಬರುವುದು ಜರಡಿ. ತೂತಿಗಿಂತ ದೊಡ್ಡದು ನಿಲ್ಲುತ್ತದೆ, ಸಣ್ಣದು ಕೆಳಗೆ ಬೀಳುತ್ತದೆ. ಆದರೆ ಡಬ್ಬಿ ಮೇಲೆ 99.97% ಅಂತ ಬರೆದಿರುವ ಫಿಲ್ಟರ್, ಅಂದರೆ ಹೆಪಾ ಫಿಲ್ಟರ್, ಜರಡಿ ಅಲ್ಲವೇ ಅಲ್ಲ. ಅದು ತೀರಾ ಸಣ್ಣ ಎಳೆಗಳು ಅಡ್ಡಾದಿಡ್ಡಿ ಹೆಣೆದುಕೊಂಡ ಪೊದೆ. ಎಳೆಗಳ ನಡುವಿನ ಸಂದುಗಳು 0.3 ಮೈಕ್ರಾನ್‌ಗಿಂತ ದೊಡ್ಡವೇ ಇರುತ್ತವೆ. ಆದರೂ ಕಣ ತಪ್ಪಿಸಿಕೊಳ್ಳುವುದಿಲ್ಲ, ಯಾಕೆಂದರೆ ಅಷ್ಟು ಸಣ್ಣ ಕಣ ಎಳೆಗೆ ಒಂದು ಸಲ ತಾಗಿದರೆ ಸಾಕು, ಅಲ್ಲೇ ಅಂಟಿಕೊಂಡು ಬಿಡುತ್ತದೆ.

[ಆನಿಮೇಷನ್: ಒತ್ತೊತ್ತಾಗಿ ಮರಗಳಿರುವ ತೋಪು]

ಹೀಗೆ ಯೋಚಿಸಿ. ಒಂದು ದಟ್ಟ ತೋಪು, ಮರಗಳಿಗೆಲ್ಲ ಗೋಂದು ಬಳಿದಿದೆ. ಮೊದಲು ಒಂದು ಗೂಳಿ ನುಗ್ಗುತ್ತದೆ. ದಾರಿ ತಿರುಗಿದರೂ ಅದಕ್ಕೆ ತಿರುಗಲು ಆಗುವುದಿಲ್ಲ, ನೆಟ್ಟಗೆ ಹೋಗಿ ಮರಕ್ಕೆ ಗುದ್ದುತ್ತದೆ. ದೊಡ್ಡ ಕಣದ ಕಥೆ ಇದು. ಆಮೇಲೆ ಒಂದು ಚಿಟ್ಟೆ. ಅದಕ್ಕೆ ನೇರ ಹಾರಿ ಗೊತ್ತೇ ಇಲ್ಲ, ಹತ್ತು ಅಡಿ ದಾಟುವಷ್ಟರಲ್ಲಿ ನೂರು ಸಲ ಆಚೀಚೆ ಹೊರಳುತ್ತದೆ, ಎಲ್ಲೋ ಒಂದು ಕಡೆ ಮರಕ್ಕೆ ತಾಗಿಯೇ ತಾಗುತ್ತದೆ. 0.1 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳು ಹೀಗೇ. ಗಾಳಿಯ ಅಣುಗಳು ಸುತ್ತಲಿಂದ ಗುದ್ದುತ್ತಲೇ ಇರುವುದರಿಂದ ಅವು ಒಂದೇ ಸಮ ಓಲಾಡುತ್ತಿರುತ್ತವೆ. ಇದಕ್ಕೇ ಬ್ರೌನಿಯನ್ ಚಲನೆ ಅನ್ನುವುದು. ಕೊನೆಗೆ ಒಂದು ಹಾವು. ಗೂಳಿಯ ರಭಸ ಇಲ್ಲ, ಚಿಟ್ಟೆಯ ಚಂಚಲತೆಯೂ ಇಲ್ಲ. ದಾರಿ ಹೇಗೆ ಬಳುಕುತ್ತದೋ ಹಾಗೇ ಬಳುಕಿ ಜಾರಿಕೊಳ್ಳುತ್ತದೆ.

ಆ ಹಾವೇ 0.3 ಮೈಕ್ರಾನ್! ಹಿಡಿಯಲು ಅತಿ ಕಷ್ಟವಾದ ಅಳತೆ ಅದರ ಆಸುಪಾಸಿನದು, ಅದಕ್ಕೇ ಪರೀಕ್ಷೆಗೆ ಅದನ್ನೇ ಇಟ್ಟುಕೊಂಡರು. ಅದನ್ನೇ 99.97% ಹಿಡಿಯುವ ಫಿಲ್ಟರ್ ದೊಡ್ಡದನ್ನೂ ಹಿಡಿಯುತ್ತದೆ, ಸಣ್ಣದನ್ನೂ ಹಿಡಿಯುತ್ತದೆ. 1940ರ ದಶಕದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ವಿಕಿರಣ ಸೂಸುವ ಧೂಳನ್ನು ತಡೆಯಲು ಬೆಳೆದು ಬಂದ ಫಿಲ್ಟರ್ ಈಗ ನಮ್ಮ ಮಲಗುವ ಕೋಣೆಯ ಮೂಲೆಯಲ್ಲಿ ಕೂತಿದೆ. ನನಗಂತೂ ಇದು ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ.

ಸರಿ, ಹಾಗಾದರೆ ಕೊಳ್ಳುವಾಗ ನೋಡಬೇಕಾದ್ದು ಏನು? 99.97 ಅಲ್ಲ. ಸಿಎಡಿಆರ್. ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅನ್ನುವ ಲೆಕ್ಕ. ಫಿಲ್ಟರ್ ಎಷ್ಟೇ ಒಳ್ಳೆಯದಿರಲಿ, ಅದರ ಮೂಲಕ ಗಾಳಿಯೇ ಹಾಯದಿದ್ದರೆ ಏನು ಪ್ರಯೋಜನ?

[ಸ್ಕ್ರೀನ್ ಮೇಲೆ ಲೆಕ್ಕ]

12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆ. 1,440 ಘನ ಅಡಿ, ಅಂದರೆ ಸುಮಾರು 41 ಘನ ಮೀಟರ್. ಗಂಟೆಗೆ ಐದು ಸಲ ಅಷ್ಟೂ ಗಾಳಿ ಶುದ್ಧವಾಗಬೇಕು ಅಂದರೆ ಸಿಎಡಿಆರ್ 205 ಬೇಕು. ಆದರೆ ಇಲ್ಲಿ ಒಂದು ಮಾತು. ಡಬ್ಬಿ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಫ್ಯಾನ್ ಫುಲ್ ಸ್ಪೀಡಿನಲ್ಲಿ ಓಡುವಾಗಿನದು. ಆ ಸದ್ದಿನಲ್ಲಿ ನಿದ್ದೆ ಬರುತ್ತಾ? ನೀವು ಸ್ಪೀಡ್ ಇಳಿಸುತ್ತೀರಿ, ಸಿಎಡಿಆರ್ ಕೂಡ ಇಳಿಯುತ್ತದೆ. ಹಾಗಾಗಿ 205 ಬೇಕಾದ ಕಡೆ 350, 400ರದ್ದು ತಗೊಂಡು ಮೆಲ್ಲಗೆ ಓಡಿಸಿ. ಆ್ಯಪ್, ಬಣ್ಣದ ಲೈಟು, ಸುಗಂಧದ ಡಬ್ಬಿ, ಇವಕ್ಕೆ ಕೊಡುವ ದುಡ್ಡನ್ನು ಇದಕ್ಕೆ ಹಾಕಿ. ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೀನೋ ಲೆಕ್ಕವಿಲ್ಲ.

ಟೈಮ್ ಆಗ್ತಾ ಬಂತು, ಉಳಿದಿದ್ದು ಬೇಗ ಹೇಳ್ತೀನಿ. "ಹೆಪಾ ಟೈಪ್" ಅಂತ ಬರೆದಿದ್ದರೆ ಬಿಟ್ಟುಬಿಡಿ, ಆ ಹೆಸರಿಗೆ ಯಾವ ಅಳತೆಯೂ ಇಲ್ಲ. ಹೆಪಾ ವಾಸನೆ ಹಿಡಿಯುವುದಿಲ್ಲ, ಅದಕ್ಕೆ ಇದ್ದಿಲು ಬೇಕು, ಅದೂ ತೂಕವಾಗಿರಬೇಕು, ಜಾಲರಿಗೆ ಕಪ್ಪು ಪುಡಿ ಸವರಿದ ಹಾಳೆ ಹೆಚ್ಚು ದಿನ ಬಾಳುವುದಿಲ್ಲ. ಓಝೋನ್ ಬಿಡುವ ಯಂತ್ರವಂತೂ ಬೇಡವೇ ಬೇಡ, ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು. ಕಾರ್ಬನ್ ಡೈಆಕ್ಸೈಡ್ ಯಾವ ಪ್ಯೂರಿಫೈಯರಿಗೂ ಬಗ್ಗುವುದಿಲ್ಲ, ಹೊರಗಿನ ಗಾಳಿ ಚೆನ್ನಾಗಿರುವ ಹೊತ್ತು ನೋಡಿ ಕಿಟಕಿ ತೆಗೆಯಿರಿ. ಮತ್ತೆ ಕೊಳ್ಳುವ ಮುಂಚೆ ಬದಲಿ ಫಿಲ್ಟರಿನ ಬೆಲೆ ಕೇಳಿ, ಅದು ಮತ್ತೆ ಮತ್ತೆ ಬರುವ ಖರ್ಚು.

[ದೃಶ್ಯ: ಹಿಂದಿನ ಮುಚ್ಚಳ ತೆಗೆಯುವ ಕೈ]

ಕೊನೆಯದು. ನಮ್ಮ ಸ್ನೇಹಿತರೊಬ್ಬರ ಮನೆಯಲ್ಲಿ ನಾಲ್ಕು ತಿಂಗಳಾದರೂ ಫಿಲ್ಟರ್ ಹಾಲಿನ ಹಾಗೆ ಬೆಳ್ಳಗಿತ್ತು. ಗಾಳಿ ಅಷ್ಟು ಚೆನ್ನಾಗಿದೆ ಅಂತ ಅವರಿಗೆ ಖುಷಿ. ಮುಟ್ಟಿ ನೋಡಿದರೆ ಬೆರಳಿಗೆ ಚರಚರ ಅಂತ ಸದ್ದು. ಫ್ಯಾಕ್ಟರಿಯಿಂದ ಬಂದ ಪ್ಲಾಸ್ಟಿಕ್ ಚೀಲ ಹಾಗೇ ಇತ್ತು! ನಿಮ್ಮ ಮನೆಯಲ್ಲಿ ಈಗಾಗಲೇ ಪ್ಯೂರಿಫೈಯರ್ ಇದ್ದರೆ, ವಿಡಿಯೋ ನಿಲ್ಲಿಸಿ, ಪ್ಲಗ್ ಕಿತ್ತು, ಹಿಂದಿನ ಮುಚ್ಚಳ ತೆಗೆದು ಒಂದು ಸಲ ನೋಡಿ ಬನ್ನಿ.